ಕ್ಯಾಮೆರಾ ಪ್ರಶ್ನೋತ್ತರ: ಕೈಯಲ್ಲೇ ಹಿಡಿದು ವಿಡಿಯೊ ಮಾಡುವವರಿಗೆ ಯಾವ ಲೆನ್ಸ್?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ವಿಷಯ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇದೆ, ಟ್ರೈಪಾಡ್ ಹೊತ್ತು ತಿರುಗೋದು ಆಗದ ಮಾತು, ಕೈಯಲ್ಲಿ ಹಿಡಿದರೆ ವಿಡಿಯೊ ಅಲ್ಲಾಡುತ್ತದೆ, ಯಾವ ಲೆನ್ಸ್ ಕೊಳ್ಳಲಿ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಈ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಕ್ಯಾನನ್ 200ಡಿ ಮಾರ್ಕ್ 2 ಇದೆ, ಅದರ ಜೊತೆಗೆ ಬಂದ 18-55 ಲೆನ್ಸ್ ಇದೆ. ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ. ಅವರು ಹೇಳುವ ಮದುವೆ ಹಾಡುಗಳು, ಅಪ್ಪೆಹುಳಿ, ತಂಬುಳಿ ಮಾಡುವ ರೀತಿ, ತೋಟದಲ್ಲಿ ಓಡಾಡುತ್ತಾ ಆಡುವ ಮಾತು, ಎಲ್ಲ ವಿಡಿಯೊ ಮಾಡಿ ಇಡಬೇಕು ಅಂತ ಆಸೆ. ಆದರೆ ಆಮೇಲೆ ನೋಡಿದರೆ ತಲೆ ತಿರುಗುವಷ್ಟು ಅಲ್ಲಾಡಿರುತ್ತದೆ. ಟ್ರೈಪಾಡ್ ಇಟ್ಟರೆ ಅತ್ತೆ ಬಿಗಿಯಾಗಿ ಕೂತು ಮಾತೇ ನಿಲ್ಲಿಸಿಬಿಡುತ್ತಾರೆ. ಕೇಳಿದವರೆಲ್ಲ 50 ಎಂಎಂ ಎಫ್ 1.8 ತಗೋ, ಕಿಟ್ ಲೆನ್ಸ್ ಮೂಲೆಗಿಡು ಅನ್ನುತ್ತಾರೆ. ತೆಗೆದುಕೊಳ್ಳಲಾ?
(ಸಾಗರದ ಓದುಗರು)

ಉತ್ತರ: ಈ ಕೆಲಸಕ್ಕೆ 50 ಬೇಡ. ಲೆನ್ಸಿನ ಎಂಎಂ ಕಡಿಮೆ ಇದ್ದಷ್ಟೂ ಅಗಲವಾಗಿ ಕಾಣುತ್ತದೆ, ಜಾಸ್ತಿ ಇದ್ದಷ್ಟೂ ದೂರದ್ದು ಹತ್ತಿರ ಬರುತ್ತದೆ; ಎಫ್ ಸಂಖ್ಯೆ ಕಡಿಮೆ ಇದ್ದಷ್ಟೂ ಒಳಗೆ ಜಾಸ್ತಿ ಬೆಳಕು. ಫೋಟೊಗೆ ಅದು ತುಂಬಾ ಒಳ್ಳೆಯ ಲೆನ್ಸ್, ಆ ಬೆಲೆಗೆ ಅಷ್ಟು ಬೆಳಕು ಒಳಗೆ ಬಿಡುವ ಲೆನ್ಸ್ ಇನ್ನೊಂದು ಸಿಗೋದು ಕಷ್ಟ. ಆದರೆ ಕೈಯಲ್ಲಿ ಹಿಡಿದು ವಿಡಿಯೊ ಮಾಡುವವರಿಗೆ ಅದರಿಂದ ಎರಡು ತೊಂದರೆ. ಒಂದು, ಅದರಲ್ಲಿ ಐಎಸ್ ಇಲ್ಲ, ಅಂದರೆ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲ. ಎರಡು, ನಿಮ್ಮ ಕ್ಯಾಮೆರಾದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಚಿಕ್ಕದು, ಅದರ ಮೇಲೆ 50 ಎಂಎಂ ಲೆನ್ಸ್ ದೊಡ್ಡ ಸೆನ್ಸರಿನ 80 ಎಂಎಂ ಲೆನ್ಸ್ ತೋರಿಸುವಷ್ಟೇ ಜಾಗ ತೋರಿಸುತ್ತದೆ. ಅಡುಗೆಮನೆಯಲ್ಲಿ ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ತಾಗಿದರೂ ಅತ್ತೆಯ ಮುಖ ಮತ್ತು ಒಲೆ ಎರಡೂ ಒಟ್ಟಿಗೆ ಸಿಗೋದು ಅನುಮಾನ.

ನಡುಕದ ಲೆಕ್ಕ ಒಂದು ಸಲ ನೋಡಿಬಿಡಿ, ಆಮೇಲೆ ಯಾರು ಏನೇ ಹೇಳಿದರೂ ನಿಮಗೇ ತೀರ್ಮಾನ ಮಾಡಲು ಬರುತ್ತದೆ. ನಿಮ್ಮ ಕೈ ಅರ್ಧ ಡಿಗ್ರಿ ಅಲ್ಲಾಡಿತು ಅಂದುಕೊಳ್ಳಿ. ಫುಲ್ ಎಚ್‌ಡಿ ಚಿತ್ರದ ಅಗಲ 1920 ಪಿಕ್ಸೆಲ್. 18 ಎಂಎಂನಲ್ಲಿ ಆ ಅರ್ಧ ಡಿಗ್ರಿಗೆ ಚಿತ್ರ ಸುಮಾರು 14 ಪಿಕ್ಸೆಲ್ ಜರುಗುತ್ತದೆ. 50 ಎಂಎಂನಲ್ಲಿ ಅದೇ ನಡುಕಕ್ಕೆ 38 ಪಿಕ್ಸೆಲ್. 250 ಎಂಎಂಗೆ ಹೋದರೆ ಹೆಚ್ಚುಕಡಿಮೆ 190. ಕೈ ಅದೇ, ನಡುಕ ಅದೇ, ಲೆನ್ಸ್ ಉದ್ದವಾದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಕೈಯಲ್ಲಿ ಹಿಡಿಯುವ ವಿಡಿಯೊಗೆ ಲೆನ್ಸ್ ಆರಿಸುವಾಗ ಮೊದಲು ನೋಡಬೇಕಾದ್ದು ಅಗಲ, ಆಮೇಲೆ ಐಎಸ್, ಎಫ್ ಸಂಖ್ಯೆ ಮೂರನೆಯದು. ಅಂಗಡಿಗಳಲ್ಲಿ, ಗೆಳೆಯರ ನಡುವೆ ಈ ಕ್ರಮ ತಲೆಕೆಳಗಾಗಿರುತ್ತದೆ. ಹಿನ್ನೆಲೆ ಮಸುಕಾಗಿ ಕಾಣುವುದೇ ದೊಡ್ಡ ವಿಷಯ ಅಂತ ಮಾತು ಶುರುವಾಗುತ್ತದೆ. ನಿಮ್ಮ ವಿಡಿಯೊದಲ್ಲಿ ಹಿನ್ನೆಲೆ ಮಸುಕಾಗಬಾರದು ಅಂತಲೇ ನಾನು ಹೇಳುತ್ತೇನೆ. ಆ ಒಲೆ, ಗೋಡೆಯ ಮೇಲಿನ ಹೊಗೆ, ಸಾಲಾಗಿ ಇಟ್ಟ ಭರಣಿಗಳು, ಇವೆಲ್ಲ ಚೆನ್ನಾಗಿ ಕಾಣಲಿ. ಇಪ್ಪತ್ತು ವರ್ಷ ಬಿಟ್ಟು ನೋಡುವ ಮೊಮ್ಮಕ್ಕಳಿಗೆ ಅತ್ತೆಯ ಮುಖದಷ್ಟೇ ಆ ಮನೆಯೂ ಬೇಕು.

ಈಗ ನಿಮ್ಮ ಕಿಟ್ ಲೆನ್ಸ್ ತೆಗೆದು ಅದರ ಮೇಲೆ ಬರೆದದ್ದನ್ನು ಓದಿ. ಇಎಫ್-ಎಸ್ 18-55 ಎಂಎಂ, ಎಫ್ 4-5.6, ಐಎಸ್ ಎಸ್‌ಟಿಎಂ ಅಂತ ಇದ್ದರೆ ನಿಮಗೆ ಬೇಕಾದ ಲೆನ್ಸ್ ಆಗಲೇ ನಿಮ್ಮ ಕೈಯಲ್ಲಿದೆ. ಐಎಸ್ ಇದೆ, ಎಸ್‌ಟಿಎಂ ಮೋಟಾರು ಇರೋದರಿಂದ ಫೋಕಸ್ ಸದ್ದಿಲ್ಲದೆ ಬದಲಾಗುತ್ತದೆ, ತೂಕ ಕಾಲು ಕಿಲೊಗಿಂತ ಕಡಿಮೆ. ಹಾಗಾದರೆ ಯಾಕೆ ಅಲ್ಲಾಡುತ್ತಿದೆ? ನನ್ನ ಊಹೆ ಹೇಳುತ್ತೇನೆ. ನೀವು ದೂರ ನಿಂತು 55ಕ್ಕೆ ಜೂಮ್ ಮಾಡಿ ತೆಗೆಯುತ್ತಿದ್ದೀರಿ. ಇಲ್ಲವಾದರೆ 4ಕೆ ಹಾಕಿಕೊಂಡಿದ್ದೀರಿ. ಈ ಕ್ಯಾಮೆರಾದಲ್ಲಿ 4ಕೆ ಹಾಕಿದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ, ಚಿತ್ರ ಇನ್ನೂ 1.6 ಪಟ್ಟು ಹತ್ತಿರ ಬರುತ್ತದೆ, ನಿಮ್ಮ 18 ಎಂಎಂ ಹೆಚ್ಚುಕಡಿಮೆ 29 ಎಂಎಂನಂತೆ ಆಗಿಬಿಡುತ್ತದೆ. ಅದರ ಮೇಲೆ ಬೇಗ ಫೋಕಸ್ ಹಿಡಿಯುವ ಡ್ಯುಯಲ್ ಪಿಕ್ಸೆಲ್ ಆಟೊಫೋಕಸ್ ಕೂಡ 4ಕೆಯಲ್ಲಿ ಕೆಲಸ ಮಾಡಲ್ಲ, ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಫುಲ್ ಎಚ್‌ಡಿಗೆ ಬನ್ನಿ, 18ರಿಂದ 24ರೊಳಗೆ ಇಡಿ, ಹತ್ತಿರ ಬೇಕು ಅನಿಸಿದಾಗ ಜೂಮ್ ತಿರುಗಿಸದೆ ನೀವೇ ಹತ್ತಿರ ಹೋಗಿ.

ಮೆನುವಿನಲ್ಲಿ ಮೂವಿ ಡಿಜಿಟಲ್ ಐಎಸ್ ಅಂತ ಇನ್ನೊಂದು ಇದೆ. ಅದು ಲೆನ್ಸಿನದ್ದಲ್ಲ. ಕ್ಯಾಮೆರಾನೇ ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಆಚೀಚೆ ಜರುಗಿಸಿ ಅಲುಗಾಟ ತಗ್ಗಿಸುತ್ತದೆ. ಲೆನ್ಸಿನ ಐಎಸ್ ಜೊತೆಗೇ ಇದನ್ನೂ ಹಾಕಿಕೊಳ್ಳಬಹುದು. ನಡೆಯುವಾಗ ಹಾಕಿ, ಅಡುಗೆಮನೆಯಲ್ಲಿ ಜಾಗವೇ ಕಡಿಮೆ, ಅಲ್ಲಿ ಬೇಡ.

ನಡೆಯುವ ಮಾತು ಬಂತಲ್ಲ, ಐಎಸ್ ಏನು ಮಾಡುತ್ತದೆ, ಏನು ಮಾಡಲ್ಲ ಅನ್ನೋದು ಇಲ್ಲೇ ತಿಳಿದುಕೊಳ್ಳಬೇಕು. ಲೆನ್ಸಿನೊಳಗೆ ಚಿಕ್ಕ ಗೈರೊ ಸೆನ್ಸರ್ ಇರುತ್ತದೆ. ಲೆನ್ಸ್ ಮೇಲಕ್ಕೋ ಕೆಳಕ್ಕೋ, ಎಡಕ್ಕೋ ಬಲಕ್ಕೋ ವಾಲಿದ ತಕ್ಷಣ ಅದಕ್ಕೆ ಗೊತ್ತಾಗುತ್ತದೆ, ಒಳಗಿನ ಒಂದು ಗಾಜಿನ ಗುಂಪನ್ನು ಎದುರು ದಿಕ್ಕಿಗೆ ಸರಿಸಿ ಚಿತ್ರವನ್ನು ಇದ್ದಲ್ಲೇ ಹಿಡಿಯುತ್ತದೆ. ವಾಲಿದರೆ ಮಾತ್ರ. ಹೆಜ್ಜೆ ಹಾಕುವಾಗ ಇಡೀ ಕ್ಯಾಮೆರಾ ಮೇಲೆ ಕೆಳಗೆ ಕುಣಿಯುತ್ತದಲ್ಲ, ಅದನ್ನು ಅದು ಪೂರ್ತಿ ತಡೆಯಲಾರದು. ಕ್ಯಾಮೆರಾ ಗಡಿಯಾರದ ಮುಳ್ಳಿನ ಹಾಗೆ ಓರೆಯಾದರೂ ಲೆನ್ಸಿಗೆ ಏನೂ ಮಾಡಲು ಬರಲ್ಲ. ಡಬ್ಬಿ ಮೇಲೆ ನಾಲ್ಕು ಸ್ಟಾಪ್ ಐಎಸ್ ಅಂತ ಬರೆದಿರುವುದೂ ಫೋಟೊ ಲೆಕ್ಕವೇ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ನಿಂತು ತೆಗೆಯುವಾಗ ಶಟರ್ ಅಷ್ಟು ನಿಧಾನ ಮಾಡಿದರೂ ಫೋಟೊ ಮಸುಕಾಗಲ್ಲ ಅಂತ ಅದರ ಅರ್ಥ. ಇದಕ್ಕೆ ಕಾರಣವೂ ಇದೆ. ಎಸ್‌ಎಲ್‌ಆರ್‌ಗೆ ಮೊದಲ ಐಎಸ್ ಲೆನ್ಸ್ ಬಂದದ್ದು 1995ರಲ್ಲಿ, ಕ್ಯಾನನ್ನಿನ 75-300. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್, ನಿಕಾನ್ ಡಿ90, ಬಂದದ್ದು 2008ರಲ್ಲಿ. ಈ ಲೆನ್ಸುಗಳಿಗೆ ಐಎಸ್ ಬಂದದ್ದು ಫೋಟೊಗಾಗಿ, ವಿಡಿಯೊ ಆಮೇಲೆ ಬಂದು ಸೇರಿಕೊಂಡಿತು.

ಹಾಗಾಗಿ ತೋಟದಲ್ಲಿ ನಡೆಯುವಾಗ ನಿಮ್ಮ ಕಾಲೂ ಕೆಲಸ ಮಾಡಬೇಕು. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನೀರು ಚೆಲ್ಲದ ಹಾಗೆ ನಡೆಯುವವರ ನಡಿಗೆ ನೆನಪಿಸಿಕೊಳ್ಳಿ, ಮಂಡಿ ಸ್ವಲ್ಪ ಬಗ್ಗಿರುತ್ತದೆ, ಹಿಮ್ಮಡಿ ಮೆಲ್ಲಗೆ ಊರುತ್ತದೆ, ತಲೆ ಮೇಲೆ ಕೆಳಗೆ ಆಗಲ್ಲ. ಹಾಗೆ ನಡೆಯಿರಿ. ಕ್ಯಾಮೆರಾ ಹಿಡಿಯುವುದೂ ಅಷ್ಟೇ ಮುಖ್ಯ. ವಿಡಿಯೊ ಮಾಡುವಾಗ ಡಿಎಸ್‌ಎಲ್‌ಆರ್‌ನ ಕನ್ನಡಿ ಮೇಲೆದ್ದಿರುತ್ತದೆ, ವ್ಯೂಫೈಂಡರ್ ಕತ್ತಲು. ಕಣ್ಣಿಗೆ ಒತ್ತಿ ಹಿಡಿಯುವ ಆಧಾರ ಹೋಯಿತು, ಎಲ್ಲರೂ ಕೈ ಮುಂದೆ ಚಾಚಿ ಸ್ಕ್ರೀನ್ ನೋಡುತ್ತಾರೆ, ನಡುಕ ಅಲ್ಲೇ ಶುರು. ಅದರ ಬದಲು ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಅದು ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ಮೊಣಕೈ ಎರಡೂ ಪಕ್ಕೆಗೆ ತಾಗಿರಲಿ, ಎಡಗೈ ಲೆನ್ಸಿನ ಅಡಿಯಲ್ಲಿರಲಿ. ಎರಡು ಕೈ ಮತ್ತು ಕುತ್ತಿಗೆ, ಮೂರು ಕಡೆ ಹಿಡಿತ ಸಿಕ್ಕಿತು. ಖರ್ಚಿಲ್ಲದ ಈ ಒಂದು ಅಭ್ಯಾಸದಿಂದ ಆಗುವ ವ್ಯತ್ಯಾಸ ಹೊಸ ಲೆನ್ಸಿನಿಂದಲೂ ಆಗಲ್ಲ ಅಂತ ನನ್ನ ನಂಬಿಕೆ. ಅತ್ತೆ ನೆಲದಲ್ಲಿ ಕೂತು ಹಾಡುವಾಗ ನೀವೂ ಎದುರಿಗೆ ಕೂತುಬಿಡಿ, ಮೊಣಕೈ ಮಂಡಿಯ ಮೇಲೆ ಊರಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೂ ಬಂತು, ಅಲುಗಾಟವೂ ಹೋಯಿತು.

ಶಟರ್ ವೇಗ 1/50 ಇಡಿ, ಸೆಕೆಂಡಿಗೆ 25 ಫ್ರೇಮ್. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ 1/50 ಅಥವಾ 1/100ರಲ್ಲಿ ಟ್ಯೂಬ್‌ಲೈಟ್ ಮಿಣುಕುವುದೂ ಸಾಮಾನ್ಯವಾಗಿ ಕಾಣಿಸಲ್ಲ. ಕ್ಯಾಮೆರಾಗೇ ಬಿಟ್ಟರೆ ಹೊರಗಿನ ಬಿಸಿಲಿಗೆ ಅದು 1/1000ಕ್ಕೆ ಓಡುತ್ತದೆ, ಆಗ ಪ್ರತಿ ಫ್ರೇಮೂ ಚಾಕುವಿನಲ್ಲಿ ಕೊಯ್ದಷ್ಟು ಚೂಪಾಗಿ ಬರುತ್ತದೆ, ಚಿಕ್ಕ ಅಲುಗಾಟವೂ ತಟತಟ ಅಂತ ಕಣ್ಣಿಗೆ ಹೊಡೆಯುತ್ತದೆ. ನಡುಹಗಲಿನ ಬಯಲಿನ ಬಿಸಿಲಿಗಾದರೆ 1/50 ಉಳಿಸಿಕೊಳ್ಳಲು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ 5.6ಕ್ಕೆ ನಾಲ್ಕು ಸ್ಟಾಪಿನದ್ದು. ಅಡಿಕೆ ತೋಟದ ನೆರಳಿನಲ್ಲಿ ಎಫ್ 8ರ ಸುತ್ತಮುತ್ತ ಇಟ್ಟರೆ ಫಿಲ್ಟರ್ ಇಲ್ಲದೆಯೇ ಸಾಗುತ್ತದೆ.

ಅಡುಗೆಮನೆ ಕತ್ತಲು ಅನ್ನೋದು ನಿಜವಾದ ತೊಂದರೆ, ಒಪ್ಪುತ್ತೇನೆ. 18ರಲ್ಲಿ ನಿಮ್ಮ ಲೆನ್ಸ್ ಎಫ್ 4ರ ತನಕ ಮಾತ್ರ ತೆರೆಯುತ್ತದೆ. ಆದರೆ ಅದಕ್ಕೆ ಪರಿಹಾರ ಬೆಳಕು. ಕಿಟಕಿ ತೆಗೆಯಿರಿ, ಅತ್ತೆಯ ಪಕ್ಕದ ಗೋಡೆಗೆ ಬೆಳಕು ಬಿದ್ದು ಚಿಮ್ಮುವ ಹಾಗೆ ಒಂದು ಎಲ್‌ಇಡಿ ದೀಪ ತಿರುಗಿಸಿ ಇಡಿ, ಐಎಸ್‌ಒ 1600ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳಾಗಿ ಬರಬಹುದು. ಕಾಳು ಬಿದ್ದ ಚಿತ್ರವನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಕುಣಿಯುವ ಚಿತ್ರವನ್ನು ಎರಡು ನಿಮಿಷ ನೋಡಲು ಆಗಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಲೆನ್ಸ್ ಕೊಳ್ಳಲೇಬೇಕು ಅನಿಸಿದರೆ ಇಎಫ್-ಎಸ್ 10-18 ಐಎಸ್ ಎಸ್‌ಟಿಎಂ ನೋಡಿ. 2014ರಲ್ಲಿ ಬಂದದ್ದು, ತೂಕ 240 ಗ್ರಾಂ, ಐಎಸ್ ಇದೆ, ನಡೆಯುತ್ತಾ ತೆಗೆಯಲು ಈ ಕ್ಯಾಮೆರಾಗೆ ಇದಕ್ಕಿಂತ ಹೊಂದುವ ಹಗುರ ಲೆನ್ಸ್ ನನಗೆ ಕಾಣಿಸಲ್ಲ. ಎರಡು ಮಾತು ನೆನಪಿರಲಿ. 10 ಎಂಎಂನಲ್ಲಿ ಮುಖಕ್ಕೆ ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಮುಖ ಎಳೆದ ಹಾಗೆ ಕಾಣುತ್ತದೆ, ಜನರನ್ನು ತೆಗೆಯುವಾಗ 14ರಿಂದ 18ರೊಳಗೆ ಇರಿ. ಮತ್ತೆ ಇದು ಎಫ್ 4.5-5.6, ಕತ್ತಲ ಅಡುಗೆಮನೆಗೆ ನಿಮ್ಮ ಕಿಟ್ ಲೆನ್ಸೇ ವಾಸಿ. ಅಂಗಡಿಯಲ್ಲಿ ಆರ್‌ಎಫ್ ಅಂತ ಬರೆದ ಲೆನ್ಸ್ ತೋರಿಸಿದರೆ ಬೇಡ ಅನ್ನಿ, ಅವು ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾದವು, ಯಾವ ಅಡಾಪ್ಟರ್ ಹಾಕಿದರೂ ನಿಮ್ಮದಕ್ಕೆ ಕೂರಲ್ಲ.

ನನ್ನನ್ನು ಕೇಳಿದರೆ ಲೆನ್ಸಿನ ದುಡ್ಡಿನಲ್ಲಿ ಮೊದಲು ಒಂದು ಕಾಲರ್ ಮೈಕ್ ತೆಗೆದುಕೊಳ್ಳಿ. ನಿಮ್ಮ ಕ್ಯಾಮೆರಾದಲ್ಲಿ ಮೈಕ್ ಸಿಕ್ಕಿಸುವ ತೂತು ಇದೆ. ಆ ಹಾಡುಗಳ ಮಾತು, ಧಾಟಿ ಸ್ಪಷ್ಟವಾಗಿ ಉಳಿಯಬೇಕು ಅಲ್ವಾ? ದಯವಿಟ್ಟು ತಡಮಾಡಬೇಡಿ, ಈ ವಾರವೇ ಶುರುಮಾಡಿ.

ಪ್ರಶ್ನೆ: ಯಕ್ಷಗಾನ ಬಯಲಾಟಕ್ಕೆ ಹೋದಾಗ ಕೂತಲ್ಲಿಂದಲೇ ವಿಡಿಯೊ ಮಾಡುತ್ತೇನೆ. ನಿಕಾನ್ ಡಿ5600, 18-55 ಮತ್ತು 70-300 ಲೆನ್ಸ್ ಇವೆ. 300ರಲ್ಲಿ ವೇಷದ ಮುಖ ತೆಗೆದರೆ ಚಿತ್ರ ನಿಲ್ಲುವುದೇ ಇಲ್ಲ. ಬೇರೆ ಯಾವ ಜೂಮ್ ಒಳ್ಳೆಯದು?
(ಕುಂದಾಪುರದ ಓದುಗರು)

ಉತ್ತರ: ಬೇರೆ ಜೂಮ್ ಬೇಡ. 300 ಎಂಎಂನಲ್ಲಿ ಅರ್ಧ ಡಿಗ್ರಿ ನಡುಕಕ್ಕೆ ಚಿತ್ರ ತನ್ನ ಅಗಲದ ಒಂಬತ್ತನೇ ಒಂದು ಪಾಲು ಜರುಗಿಬಿಡುತ್ತದೆ. ಯಾವ ಕಂಪನಿಯ ಎಷ್ಟು ದುಬಾರಿ ಲೆನ್ಸ್ ತಂದರೂ ರಾತ್ರಿಯಿಡೀ ಕೈಯಲ್ಲಿ ಹಿಡಿದು ಅದನ್ನು ನಿಲ್ಲಿಸಲು ಆಗಲ್ಲ.

ಮೊದಲು ನಿಮ್ಮ 70-300ರ ಹೆಸರಿನಲ್ಲಿ ವಿಆರ್ ಇದೆಯಾ ನೋಡಿ. ಐಎಸ್‌ಗೆ ನಿಕಾನ್ ಇಟ್ಟ ಹೆಸರು ವಿಆರ್. ಎಎಫ್-ಪಿ ಡಿಎಕ್ಸ್ 70-300 ಎರಡು ಬಗೆಯಲ್ಲಿ ಬಂದಿದೆ, ನೋಡಲು ಒಂದೇ ಥರ, ಒಂದರಲ್ಲಿ ವಿಆರ್ ಇದೆ, ಇನ್ನೊಂದರಲ್ಲಿ ಇಲ್ಲ. ಇದ್ದರೂ ಲೆನ್ಸಿನ ಮೇಲೆ ಸ್ವಿಚ್ ಸಿಗಲ್ಲ, ಕ್ಯಾಮೆರಾದ ಮೆನುವಿನಲ್ಲಿ ಆಪ್ಟಿಕಲ್ ವಿಆರ್ ಅಂತ ಇರುತ್ತದೆ, ಅದು ಆನ್ ಆಗಿದೆಯಾ ನೋಡಿಕೊಳ್ಳಿ.

ಎರಡನೆಯದು ಒಂದು ಮೊನೊಪಾಡ್. ಒಂದೇ ಕಾಲು, ಪಕ್ಕದಲ್ಲಿ ಕೂತವರಿಗೂ ಅಡ್ಡ ಬರಲ್ಲ, ಕುರ್ಚಿಯ ಎದುರು ಎರಡು ಪಾದಗಳ ನಡುವೆ ಊರಿಕೊಂಡರೆ ಮೇಲೆ ಕೆಳಗಿನ ಅಲುಗಾಟ ನಿಂತೇ ಹೋಗುತ್ತದೆ. ಉಳಿಯುವ ಎಡ ಬಲದ ಚಿಕ್ಕ ನಡುಕವನ್ನು ವಿಆರ್ ನೋಡಿಕೊಳ್ಳುತ್ತದೆ. 300ರಲ್ಲಿ ಆ ಲೆನ್ಸ್ ತೆರೆಯುವುದು ಎಫ್ 6.3ರ ತನಕ ಮಾತ್ರ, ರಂಗಸ್ಥಳದ ದೀಪ ಎಷ್ಟೇ ಜೋರಿದ್ದರೂ ಐಎಸ್‌ಒ ಏರಲೇಬೇಕಾಗುತ್ತದೆ. ಹಾಗಾಗಿ ಆದಷ್ಟು 70ರಿಂದ 150ರೊಳಗೆ ಇರಿ. ಈ ಕ್ಯಾಮೆರಾದ ಆಟೊಫೋಕಸ್ ವಿಡಿಯೊದಲ್ಲಿ ತಡಕಾಡುತ್ತದೆ, ಅದೂ ವೇಷ ಸುತ್ತು ಹಾಕಿ ಕುಣಿಯುವಾಗಲೇ. ಭಾಗವತರ ಜಾಗಕ್ಕೋ ರಂಗಸ್ಥಳದ ನಡುವಿಗೋ ಒಮ್ಮೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿಬಿಡಿ.

ಆದರೆ ನನಗೆ ಹೆಚ್ಚು ಇಷ್ಟವಾಗುವ ದಾರಿ ಬೇರೆ. ಮೇಳದವರ ಮತ್ತು ಆಟ ಆಡಿಸುವವರ ಒಪ್ಪಿಗೆ ಕೇಳಿ, ಮುಂದಿನ ಸಾಲಿನ ಬದಿಯಲ್ಲಿ ನೆಲದ ಮೇಲೆ ಕೂತು 18-55ರಲ್ಲಿ ತೆಗೆಯಿರಿ. ಯಕ್ಷಗಾನದಲ್ಲಿ ಬರೀ ಮುಖ ತೆಗೆದರೆ ಕಾಲಿನ ಹೆಜ್ಜೆ ಹೋಗುತ್ತದೆ, ಹೆಜ್ಜೆ ಇಲ್ಲದೆ ಚೆಂಡೆಗೆ ಅರ್ಥವೇ ಇರಲ್ಲ. ಇಡೀ ಮೈ ಕಾಣುವ ಅಗಲದ ಚಿತ್ರ, ಅಲ್ಲಾಡದೆ ಹತ್ತು ನಿಮಿಷ ನಿಂತರೆ, ಕಲಿಯುವ ಮಕ್ಕಳಿಗೆ ಅದಕ್ಕಿಂತ ಉಪಯೋಗದ ದಾಖಲೆ ಇಲ್ಲ.

ಪ್ರಶ್ನೆ: ಮದುವೆ ವಿಡಿಯೊ ಕೆಲಸಕ್ಕೆ ಸೇರಿದ್ದೇನೆ, ಕ್ಯಾನನ್ 80ಡಿ ಇದೆ. ಸಿಗ್ಮಾ 18-35 ಎಫ್ 1.8 ಮತ್ತು ಸಿಗ್ಮಾ 17-50 ಎಫ್ 2.8 ಓಎಸ್, ಎರಡೂ ಸೆಕೆಂಡ್ ಹ್ಯಾಂಡ್ ಸಿಗುತ್ತಿವೆ. ಗಿಂಬಲ್ ಇಲ್ಲ. ಅಣ್ಣಾ, ಯಾವುದು ತಗೊಳ್ಳಲಿ?
(ದಾವಣಗೆರೆಯ ಓದುಗರು)

ಉತ್ತರ: ಗಿಂಬಲ್ (ಕ್ಯಾಮೆರಾ ಅಲ್ಲಾಡದಂತೆ ಹಿಡಿಯುವ ಮೋಟಾರಿನ ಹಿಡಿಕೆ) ಇಲ್ಲ ಅಂದಿರಲ್ಲ, ಹಾಗಾದರೆ 17-50 ತೆಗೆದುಕೊಳ್ಳಿ ತಮ್ಮಾ. ಓಎಸ್ ಅಂದರೆ ಸಿಗ್ಮಾದವರ ಐಎಸ್. 18-35ರಲ್ಲಿ ಅದಿಲ್ಲ. ತೂಕವೂ ನೋಡಿ, 18-35 ಬರೋಬ್ಬರಿ 810 ಗ್ರಾಂ, 17-50 ಸುಮಾರು 565. ಬೆಳಗಿನ ದೇವರ ಪೂಜೆಯಿಂದ ಸಂಜೆ ಆರತಕ್ಷತೆ ತನಕ ಕೈಯಲ್ಲಿ ಹಿಡಿಯುವವರಿಗೆ ಆ ಕಾಲು ಕಿಲೊ ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ.

18-35 ನಿಜಕ್ಕೂ ಸುಂದರವಾದ ಲೆನ್ಸ್. 2013ರಲ್ಲಿ ಬಂದಾಗ ಡಿಎಸ್‌ಎಲ್‌ಆರ್‌ಗೆ ಎಫ್ 1.8ರ ಮೊದಲ ಜೂಮ್ ಅದೇ. ಆದರೆ 1.8ಕ್ಕೂ 2.8ಕ್ಕೂ ಬೆಳಕಿನ ವ್ಯತ್ಯಾಸ ಒಂದೂ ಕಾಲು ಸ್ಟಾಪಿನ ಆಸುಪಾಸು. ಒಂದರಲ್ಲಿ ಐಎಸ್‌ಒ 1250 ಸಾಕಾದರೆ ಇನ್ನೊಂದರಲ್ಲಿ 3200 ಬೇಕು. ಈಗಿನ ಕಲ್ಯಾಣ ಮಂಟಪಗಳ ಬೆಳಕಿಗೆ ಅದು ದೊಡ್ಡ ಅಡ್ಡಿಯಲ್ಲ. ಇನ್ನೊಂದು ಮಾತು. 35 ಎಂಎಂ, ಎಫ್ 1.8, ಎರಡು ಮೀಟರ್ ದೂರ ಅಂದರೆ ಫೋಕಸ್‌ನಲ್ಲಿ ಇರುವ ಆಳ ಒಂದು ಗೇಣಿಗಿಂತ ಜಾಸ್ತಿ ಇರಲ್ಲ. ಧಾರೆ ಎರೆಯುವಾಗ ಹುಡುಗಿ ಕಣ್ಣು ಚೆನ್ನಾಗಿ ಬಂದು, ಹಿಂದೆ ನಿಂತು ಕಣ್ಣೊರೆಸಿಕೊಳ್ಳುವ ಅಪ್ಪ ಮಸುಕಾಗಿಬಿಟ್ಟರೆ ಆ ಮನೆಯವರಿಗೆ ಏನು ಉತ್ತರ ಹೇಳುತ್ತೀರಿ? ಆ ಗಳಿಗೆ ಇನ್ನೊಂದು ಸಲ ಬರಲ್ಲ. ಮುಂದೆ ಗಿಂಬಲ್ ಕೊಂಡಾಗ, ಹೊರಾಂಗಣದಲ್ಲಿ ಜೋಡಿಯನ್ನು ನಡೆಸಿಕೊಂಡು ತೆಗೆಯುವ ಕೆಲಸ ಸಿಕ್ಕಾಗ 18-35 ನೋಡಬಹುದು.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಅಂಗಡಿಯಲ್ಲೇ ಓಎಸ್ ಪರೀಕ್ಷೆ ಮಾಡಿ. ಸ್ವಿಚ್ ಆನ್ ಮಾಡಿ, 50ಕ್ಕೆ ಜೂಮ್ ಮಾಡಿ, ವ್ಯೂಫೈಂಡರಿನಲ್ಲಿ ದೂರದ ಬೋರ್ಡ್ ನೋಡುತ್ತಾ ಶಟರ್ ಬಟನ್ ಅರ್ಧ ಒತ್ತಿ. ಒಳಗೆ ಚಿಕ್ಕ ಸದ್ದು ಬಂದು ಚಿತ್ರ ತೇಲಿದ ಹಾಗೆ ನಿಲ್ಲಬೇಕು. ಚಿತ್ರ ಹಾರಿದರೆ, ಒಂದು ಮೂಲೆಗೆ ಎಳೆದ ಹಾಗೆ ಆದರೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಪ್ರಶ್ನೆ: ಕ್ಯಾನನ್ 1500ಡಿ, 18-55 ಐಎಸ್ 2 ಲೆನ್ಸ್. ಐಎಸ್ ಆನ್ ಇಟ್ಟರೆ ವಿಡಿಯೊದಲ್ಲಿ ಗುಂಯ್ ಅಂತ ಸದ್ದು ಕೇಳುತ್ತದೆ. ಲೆನ್ಸ್ ಕೆಟ್ಟಿದೆಯಾ?
(ಕಲಬುರಗಿಯ ಓದುಗರು)

ಉತ್ತರ: ಕೆಟ್ಟಿಲ್ಲ. ಐಎಸ್ ಮೋಟಾರಿನ ಸದ್ದು ಅದು, ಕ್ಯಾಮೆರಾದೊಳಗಿನ ಮೈಕ್ ಲೆನ್ಸಿಗೆ ಅಂಟಿಕೊಂಡ ಹಾಗೇ ಇರೋದರಿಂದ ಸುತ್ತ ಮೌನ ಇದ್ದಾಗ ಎದ್ದು ಕೇಳುತ್ತದೆ. ಐಎಸ್ ಆಫ್ ಮಾಡಬೇಡಿ. 1500ಡಿಯಲ್ಲಿ ಹೊರಗಿನ ಮೈಕ್ ಸಿಕ್ಕಿಸಲು ಜಾಗ ಇಲ್ಲ, ಅದಕ್ಕೆ ಮಾತಾಡುವವರ ಹತ್ತಿರ ಒಂದು ಮೊಬೈಲ್ ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಎಡಿಟ್ ಮಾಡುವಾಗ ಆ ಚಪ್ಪಾಳೆ ಹಿಡಿದು ಎರಡನ್ನೂ ಕೂಡಿಸಿ. ನಿಮ್ಮ ಕ್ಯಾಮೆರಾ ವಿಡಿಯೊ ನಡೆಯುವಾಗ ತಾನಾಗಿ ಫೋಕಸ್ ಬದಲಿಸುತ್ತಾ ಹೋಗಲ್ಲ ಅನ್ನೋದೂ ನೆನಪಿರಲಿ, ಎಫ್ 5.6 ಅಥವಾ 8 ಇಟ್ಟು ಆಳ ಜಾಸ್ತಿ ಮಾಡಿಕೊಳ್ಳಿ.

ಪ್ರಶ್ನೆ: ಐಎಸ್ ಇರುವ ಲೆನ್ಸಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದರೆ ಮೊದಲು ಚಿತ್ರ ಅಂಟಿಕೊಂಡ ಹಾಗೆ ನಿಂತು ಆಮೇಲೆ ಜಿಗಿಯುತ್ತದೆ. ಎಡಿಟಿಂಗ್‌ನಲ್ಲಿ ಸರಿಮಾಡಬಹುದಾ?
(ಮೈಸೂರಿನ ಓದುಗರು)

ಉತ್ತರ: ನೀವು ಬೇಕಂತ ತಿರುಗಿಸಿದ್ದನ್ನೂ ಐಎಸ್ ಕೈ ನಡುಕ ಅಂತಲೇ ತಿಳಿದು ತಡೆಯಲು ನೋಡುತ್ತದೆ. ಗಾಜು ತನ್ನ ಮಿತಿ ಮುಟ್ಟಿದಾಗ ಬಿಟ್ಟುಕೊಡುತ್ತದೆ, ಅದೇ ಆ ಜಿಗಿತ. ತೀರಾ ನಿಧಾನವಾಗಿ ಶುರುಮಾಡಬೇಡಿ, ಒಂದೇ ಹದದ ವೇಗದಲ್ಲಿ, ಸೊಂಟದಿಂದ ಮೇಲಿನ ಇಡೀ ಮೈ ತಿರುಗಿಸಿ. ಟ್ರೈಪಾಡ್ ಮೇಲಿದ್ದರೆ ಐಎಸ್ ಆಫ್ ಮಾಡಿಬಿಡಿ.

ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಅಲುಗಾಟ ತಗ್ಗಿಸುವ ಸ್ಟೆಬಿಲೈಸರ್ ಇದೆ. ಚಿಕ್ಕ ಅಲುಗಾಟಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅಂಚು ಕತ್ತರಿಸುತ್ತದೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಸ್ವಲ್ಪ ಜಾಗ ಬಿಟ್ಟಿರಬೇಕು. ಜಿಗಿತ ಬಂದ ಕಡೆ ಮಾತ್ರ ಅದು ಪೂರ್ತಿ ಕೈಹಿಡಿಯಲ್ಲ. ಜಿಗಿದ ಫ್ರೇಮುಗಳು ಮಸುಕಾಗಿರುತ್ತವೆ, ಸ್ಥಾನ ಸರಿಹೋದರೂ ಮಸುಕು ಹಾಗೇ ಉಳಿಯುತ್ತದೆ. ಅಂಥ ಕಡೆ ಆ ತುಣುಕು ಕತ್ತರಿಸಿ, ತಿರುಗಿಸುವ ಮೊದಲಿನ ಚಿತ್ರದಿಂದ ತಿರುಗಿಸಿ ನಿಂತ ಮೇಲಿನ ಚಿತ್ರಕ್ಕೆ ನೇರ ಹೋಗಿ.